ಉಡುಪತಿಯ ಊರು: ನಮ್ಮ ಹೆಸರು, ಹಾಡು, ಗಾದೆಗಳಲ್ಲಿ ಆಕಾಶ

ಸಂಸ್ಕೃತದಲ್ಲಿ 'ಉಡು' ಎಂದರೆ ನಕ್ಷತ್ರ, 'ಪ' ಎಂದರೆ ಪಾಲಿಸುವವನು. ಎರಡೂ ಸೇರಿದಾಗ 'ಉಡುಪ', ಅರ್ಥಾತ್ ನಕ್ಷತ್ರಗಳ ಒಡೆಯನಾದ ಚಂದ್ರ. ಉಡುಪಿ ಎಂಬ ಸ್ಥಳನಾಮಕ್ಕೆ ಹಿರಿಯರು ಹೇಳುತ್ತ ಬಂದಿರುವ ನಿರ್ವಚನ ಇದು. ತುಳುವರ ಬಾಯಲ್ಲಿ ಆ ಊರು 'ಒಡಿಪು' ಆಗಿಯೇ ಉಳಿದಿದೆ. ಶ್ರೀಮಧ್ವಾಚಾರ್ಯರ ಚರಿತ್ರೆಯಾದ 'ಸುಮಧ್ವವಿಜಯ'ದಲ್ಲಿ ಅದು ರಜತಪೀಠಪುರ. ಒಂದೇ ಊರಿಗೆ ಇಷ್ಟು ಹೆಸರುಗಳಿದ್ದರೂ ಲೋಕದಲ್ಲಿ ನಿಂತದ್ದು ಚಂದ್ರನ ಹೆಸರು. ಈ ಹೆಸರನ್ನು ನಾವು ದಿನಕ್ಕೆ ಹತ್ತು ಸಲ ಉಚ್ಚರಿಸುತ್ತೇವೆ. ಮುಂಬಯಿಯಂಥ ಮಹಾನಗರದಲ್ಲಂತೂ ಅದು ಉಪಾಹಾರಗೃಹಗಳ ಫಲಕಗಳ ಮೇಲೆ ಬೀದಿಬೀದಿಯಲ್ಲಿ ಕಾಣುತ್ತದೆ. ಆದರೆ ಅದರೊಳಗೆ ಒಂದು ಆಕಾಶವಿದೆ ಎಂಬುದನ್ನು ನೆನೆಯುವವರು ವಿರಳ.

ಆಕಾಶವು ನಮ್ಮ ನಾಡಿನ ಹೆಸರುಗಳಲ್ಲಿ, ಹಾಡುಗಳಲ್ಲಿ, ಗಾದೆಗಳಲ್ಲಿ ಹೇಗೆ ನೆಲೆಗೊಂಡಿತು ಎಂಬುದನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ. ಅದರೊಂದಿಗೆ, ಊರು ಬಿಟ್ಟು ನೂರಾರು ಮೈಲಿ ದೂರದಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಪ್ರತಿವರ್ಷ ಏಳುವ ಒಂದು ಪ್ರಶ್ನೆಗೆ, ಉಡುಪಿಯ ಅಷ್ಟಮಿಯೂ ಇಲ್ಲಿಯ ಅಷ್ಟಮಿಯೂ ಕೆಲವು ವರ್ಷ ಬೇರೆ ಬೇರೆ ತಿಂಗಳಲ್ಲಿ ಏಕೆ ಬರುತ್ತವೆ ಎಂಬುದಕ್ಕೆ, ಉತ್ತರವನ್ನು ಆಕಾಶದಲ್ಲಿಯೇ ಹುಡುಕುವ ಪ್ರಯತ್ನವೂ ಇಲ್ಲಿದೆ.

ಚಂದ್ರನ ಶಾಪ, ಚಂದ್ರನ ತಪಸ್ಸು

ಉಡುಪಿಯ ಚಂದ್ರಮೌಳೀಶ್ವರ ದೇವಾಲಯದ ಸ್ಥಳಪುರಾಣ ಎಲ್ಲರಿಗೂ ತಿಳಿದದ್ದೇ. ದಕ್ಷನ ಇಪ್ಪತ್ತೇಳು ಮಂದಿ ಪುತ್ರಿಯರನ್ನು ಚಂದ್ರನು ವರಿಸಿದನು. ಆದರೆ ರೋಹಿಣಿಯೊಬ್ಬಳಲ್ಲಿಯೇ ಅನುರಕ್ತನಾದನು. ಉಳಿದ ಹೆಣ್ಣುಮಕ್ಕಳ ದೂರನ್ನು ಕೇಳಿ ದಕ್ಷನು ಕ್ಷಯವಾಗಲೆಂದು ಶಪಿಸಿದನು. ಕಳೆಗುಂದಿದ ಚಂದ್ರನು ಅಬ್ಜಾರಣ್ಯದಲ್ಲಿ ಶಿವನನ್ನು ಕುರಿತು ತಪಸ್ಸು ಮಾಡಿ, ಕ್ಷಯದ ಬೆನ್ನಿಗೇ ವೃದ್ಧಿಯನ್ನೂ ವರವಾಗಿ ಪಡೆದನು. ಆ ಅರಣ್ಯವೇ ಇಂದಿನ ಉಡುಪಿ ಎಂಬುದು ನಂಬಿಕೆ.

ಈ ಕಥೆ ಕೇವಲ ಒಂದು ಊರಿನದಲ್ಲ. ಕೃಷ್ಣಯಜುರ್ವೇದದ ತೈತ್ತಿರೀಯ ಸಂಹಿತೆಯ ಎರಡನೆಯ ಕಾಂಡದಲ್ಲಿಯೇ ಇದರ ಬೀಜವಿದೆ. ಅಲ್ಲಿ ಪ್ರಜಾಪತಿಗೆ ಮೂವತ್ತಮೂರು ಪುತ್ರಿಯರು; ಸೋಮನು ರೋಹಿಣಿಯ ಬಳಿಗೆ ಮಾತ್ರ ಹೋಗುತ್ತಾನೆ; ಅವನಿಗೆ ರಾಜಯಕ್ಷ್ಮ ತಗಲುತ್ತದೆ. ಮಹಾಭಾರತದ ಶಲ್ಯಪರ್ವಕ್ಕೆ ಬಂದಾಗ ಪುತ್ರಿಯರ ಸಂಖ್ಯೆ ಇಪ್ಪತ್ತೇಳಕ್ಕೆ ನಿಂತಿದೆ. ಚಂದ್ರನು ಶಾಪದಿಂದ ಬಿಡುಗಡೆ ಹೊಂದಿದ ಕ್ಷೇತ್ರ ಪ್ರಭಾಸ, ಅಂದರೆ ಸೌರಾಷ್ಟ್ರದ ಸೋಮನಾಥದ ತೀರ. ಹೀಗೆ ಪಶ್ಚಿಮ ಸಮುದ್ರದ ದಂಡೆಯ ಎರಡು ಕ್ಷೇತ್ರಗಳು ಒಂದೇ ಕಥೆಯನ್ನು ತಮ್ಮದೆಂದು ಹೇಳಿಕೊಳ್ಳುತ್ತವೆ.

ಕಥೆಯ ಹಿಂದೆ ಕಣ್ಣಾರೆ ಕಂಡ ಸತ್ಯವೊಂದಿದೆ. ಚಂದ್ರನು ನಕ್ಷತ್ರಮಂಡಲವನ್ನು ಒಂದು ಸುತ್ತು ಸುತ್ತಲು ಸುಮಾರು 27.3 ದಿನಗಳು ಬೇಕು. ದಿನಕ್ಕೊಂದು ನಕ್ಷತ್ರದ ಮನೆಯಲ್ಲಿ ತಂಗುತ್ತಾನೆ ಎಂಬ ಕಲ್ಪನೆ ಈ ಲೆಕ್ಕದಿಂದಲೇ ಹುಟ್ಟಿತು. ರೋಹಿಣಿಯು ಕೆಂಬಣ್ಣದ ಉಜ್ಜ್ವಲ ತಾರೆ. ಚಂದ್ರನ ಪಥವು ಸೂರ್ಯನ ಪಥಕ್ಕೆ ಸುಮಾರು ಐದು ಡಿಗ್ರಿ ಓರೆಯಾಗಿದ್ದು, ಆ ಓರೆಯ ದಿಕ್ಕು 18.6 ವರ್ಷಗಳಿಗೊಮ್ಮೆ ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ಆ ಚಕ್ರದಲ್ಲಿ ಕೆಲವು ವರ್ಷಗಳ ಕಾಲ ಚಂದ್ರನು ತಿಂಗಳು ತಪ್ಪದೆ ರೋಹಿಣಿಯ ಮೇಲೆಯೇ ಹಾದು ಅದನ್ನು ಮರೆಮಾಡುತ್ತಾನೆ. 2015ರಿಂದ 2018ರವರೆಗೆ ಹೀಗೆ ನಡೆಯಿತು. ಮಘಾ, ಚಿತ್ರಾ, ಜ್ಯೇಷ್ಠಾ ತಾರೆಗಳನ್ನೂ ಚಂದ್ರನು ಮರೆಮಾಡಬಲ್ಲನಾದರೂ ಕಥೆ ಕಟ್ಟಿದವರ ಮನಸ್ಸು ಸೆಳೆದವಳು ರೋಹಿಣಿ. ಪುರಾಣಕಾರರು ಬರಿಯ ಕಲ್ಪನೆಯಿಂದ ಕಥೆ ಹೆಣೆದವರಲ್ಲ. ಅವರು ಮೊದಲು ನೋಡಿದವರು, ಅನಂತರ ಹೇಳಿದವರು.

ಗೀತೆಯ ವಿಭೂತಿಯೋಗದಲ್ಲಿ ಭಗವಂತನು ನಕ್ಷತ್ರಗಳಲ್ಲಿ ತಾನು ಚಂದ್ರನೆಂದು ಹೇಳಿಕೊಂಡಿರುವುದನ್ನು ಇಲ್ಲಿ ಸ್ಮರಿಸಬಹುದು. ಚಂದ್ರವಂಶದ ಯದುಕುಲದಲ್ಲಿ ರೋಹಿಣೀ ನಕ್ಷತ್ರದಂದು ಅವತರಿಸಿದ ಶ್ರೀಕೃಷ್ಣನನ್ನು ಹದಿಮೂರನೆಯ ಶತಮಾನದಲ್ಲಿ ಶ್ರೀಮಧ್ವಾಚಾರ್ಯರು ಉಡುಪನ ಊರಿನಲ್ಲಿ ಪ್ರತಿಷ್ಠಾಪಿಸಿದರು. ಹೆಸರುಗಳ ಈ ಕೂಟ ಅರ್ಥಪೂರ್ಣವಾದದ್ದು.

ಕಲ್ಲಿನ ಮೇಲೆ ಸೂರ್ಯಚಂದ್ರರು

ಪುರಾಣದಿಂದ ಇತಿಹಾಸಕ್ಕೆ ಬಂದರೆ ಮೊದಲ ಸಾಕ್ಷಿ ಶಾಸನಗಳದು. ಕರ್ನಾಟಕದ ಯಾವುದೇ ಹಳ್ಳಿಯ ದಾನಶಾಸನದ ಮುಂದೆ ನಿಂತು ನೋಡಿ: ಕಲ್ಲಿನ ಮೇಲ್ಭಾಗದಲ್ಲಿ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಚಂದ್ರಕಲೆ. ಈ ದಾನವು 'ಆಚಂದ್ರಾರ್ಕ'ವಾಗಿ, ಅಂದರೆ ಸೂರ್ಯಚಂದ್ರರಿರುವ ತನಕ, ನಡೆಯಲಿ ಎಂಬುದು ಅದರ ಅರ್ಥ. ಓದುಬರಹ ತಿಳಿಯದವನಿಗೂ ಆ ಎರಡು ಚಿತ್ರಗಳು ಶಾಸನದ ತಾತ್ಪರ್ಯವನ್ನು ತಿಳಿಸುತ್ತಿದ್ದವು. ರಾಜ್ಯಗಳು ಅಳಿಯುತ್ತವೆ, ಸಾಕ್ಷಿ ಹೇಳುವವರೂ ಸಾಯುತ್ತಾರೆ; ಆದ್ದರಿಂದ ಎಂದೂ ಅಳಿಯದವರನ್ನು ಸಾಕ್ಷಿಗೆ ಕರೆದರು.

ಕಾಲನಿರ್ದೇಶಕ್ಕೂ ಆಕಾಶವೇ ಆಧಾರ. ಬಾದಾಮಿಯ ಮೂರನೆಯ ಗುಹೆಯಲ್ಲಿರುವ ಮಂಗಲೇಶನ ಶಾಸನವು ಶಕವರ್ಷ 500ರ (ಕ್ರಿ.ಶ. 578) ಕಾರ್ತಿಕ ಪೂರ್ಣಿಮೆಯದು. ವಾರದ ಹೆಸರು ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ತುಸು ತಡವಾಗಿ, ಮಧ್ಯಪ್ರದೇಶದ ಏರಣ್‌ನಲ್ಲಿ ದೊರೆತ ಬುಧಗುಪ್ತನ ಕಾಲದ ಶಾಸನದಲ್ಲಿ (ಕ್ರಿ.ಶ. 484) ಗುರುವಾರದ ಉಲ್ಲೇಖವಿದ್ದು, ಅದು ಬಹು ಹಳೆಯ ನಿದರ್ಶನವೆಂದು ಪ್ರಸಿದ್ಧ. ಮುಂದೆ ಕನ್ನಡ ಶಾಸನಗಳಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳ ಜೊತೆಗೆ ಸಂಕ್ರಾಂತಿ, ಗ್ರಹಣಗಳೂ ದಾನದ ಪುಣ್ಯಕಾಲಗಳಾಗಿ ನಮೂದಾದವು. ಇಂದಿನ ಸಂಶೋಧಕರು ಶಾಸನವೊಂದರ ಕಾಲವನ್ನು ದಿನದ ತನಕ ಖಚಿತವಾಗಿ ಹೇಳಬಲ್ಲವರಾದರೆ, ಅದಕ್ಕೆ ಕಾರಣ ಅಂದಿನ ಲಿಪಿಕಾರನು ಬರೆದಿಟ್ಟ ಸೂರ್ಯಗ್ರಹಣ. ಈ ಗಣಿತವನ್ನು ಸುಲಭಗೊಳಿಸಿದ 'ದಿ ಇಂಡಿಯನ್ ಕ್ಯಾಲೆಂಡರ್' ಎಂಬ ಗ್ರಂಥವನ್ನು 1896ರಲ್ಲಿ ರಾಬರ್ಟ್ ಸೀವೆಲ್ ಅವರೊಡನೆ ಸೇರಿ ರಚಿಸಿದವರು ಮಹಾರಾಷ್ಟ್ರದ ಶಂಕರ ಬಾಲಕೃಷ್ಣ ದೀಕ್ಷಿತರು.

ಹೆಸರಿಡುವ ಪರಿ

ನಮ್ಮ ತಿಂಗಳುಗಳ ಹೆಸರುಗಳೆಲ್ಲ ನಕ್ಷತ್ರಗಳ ಹೆಸರುಗಳೇ. ಹುಣ್ಣಿಮೆಯ ಚಂದ್ರನು ಚಿತ್ರಾ ನಕ್ಷತ್ರದ ಆಸುಪಾಸಿನಲ್ಲಿದ್ದರೆ ಚೈತ್ರ, ವಿಶಾಖೆಯಲ್ಲಿದ್ದರೆ ವೈಶಾಖ, ಕೃತ್ತಿಕೆಯಲ್ಲಿದ್ದರೆ ಕಾರ್ತಿಕ, ಮೃಗಶಿರದಲ್ಲಿದ್ದರೆ ಮಾರ್ಗಶಿರ. ಕನ್ನಡದ 'ತಿಂಗಳು' ಎಂಬ ಪದವಂತೂ ಚಂದ್ರನಿಗೂ ಮಾಸಕ್ಕೂ ಒಂದೇ. ಶುಕ್ರಗ್ರಹಕ್ಕೆ ಕನ್ನಡಿಗರಿಟ್ಟ ಹೆಸರು 'ಬೆಳ್ಳಿ'. ಅದು ಲೋಹವೂ ಹೌದು, ಬೆಳಗಿನ ಚುಕ್ಕಿಯೂ ಹೌದು. 'ಬೆಳ್ಳಿ ಮೂಡುವ ಹೊತ್ತು' ಎಂದರೆ ಗಡಿಯಾರ ನೋಡದೆ ಏಳುವ ಹೊತ್ತು. ನೆರೆಯ ತಮಿಳರು ನಕ್ಷತ್ರವನ್ನು 'ವಿಣ್ಮೀನ್' ಎಂದರು, ಬಾನಿನ ಮೀನು. ನಮ್ಮ ಹೆಣ್ಣುಮಕ್ಕಳು 'ಚುಕ್ಕಿ'ಯನ್ನು ಬಾನಿನಿಂದ ಅಂಗಳಕ್ಕಿಳಿಸಿ ರಂಗೋಲಿಯಾಗಿಸಿದರು.

ಮಾಧ್ವರ ಮನೆಗಳಲ್ಲಿ ಸಂಕಲ್ಪಕಾಲದಲ್ಲಿ ಸ್ಮರಿಸುವ ಮಾಸನಿಯಾಮಕ ರೂಪಗಳ ಕ್ರಮದಲ್ಲಿಯೂ ಒಂದು ಹಳೆಯ ಗುರುತು ಅಡಗಿದೆ. ಕೇಶವಾದಿ ಹನ್ನೆರಡು ನಾಮಗಳಲ್ಲಿ ಮೊದಲನೆಯದಾದ ಕೇಶವನಾಮವು ಚೈತ್ರಕ್ಕೆ ಸಲ್ಲಬೇಕಿತ್ತೆಂದು ಯಾರಿಗಾದರೂ ತೋರಬಹುದು. ಆದರೆ ಅದು ಸಲ್ಲುವುದು ಮಾರ್ಗಶಿರಕ್ಕೆ. ಪುಷ್ಯಕ್ಕೆ ನಾರಾಯಣ, ಮಾಘಕ್ಕೆ ಮಾಧವ, ಹೀಗೆ ಸಾಗಿ ಕಾರ್ತಿಕಕ್ಕೆ ದಾಮೋದರನಲ್ಲಿ ಮುಗಿಯುತ್ತದೆ. ಮಾರ್ಗಶಿರದ ಇನ್ನೊಂದು ಹೆಸರು ಆಗ್ರಹಾಯಣ, ಅಂದರೆ ವರ್ಷದ ಮೊದಲು. ಒಂದು ಕಾಲದಲ್ಲಿ ವರ್ಷಾರಂಭ ಆ ಮಾಸದಲ್ಲಿದ್ದಿತೆಂಬ ನೆನಪು ಈ ಕ್ರಮದಲ್ಲಿ ಉಳಿದಿರುವಂತಿದೆ. ಗೀತೆಯೂ ಮಾಸಗಳಲ್ಲಿ ಮಾರ್ಗಶಿರವನ್ನೇ ಎತ್ತಿ ಹೇಳಿದೆ. ಲೋಕಮಾನ್ಯ ತಿಲಕರು 1893ರಲ್ಲಿ ಪ್ರಕಟಿಸಿದ 'ದಿ ಓರಾಯನ್' ಗ್ರಂಥದಲ್ಲಿ ವೇದಗಳ ಕಾಲವನ್ನು ನಿರ್ಣಯಿಸಲು ಈ ಹೆಸರನ್ನೇ ಒಂದು ಆಧಾರವಾಗಿ ಹಿಡಿದರು. ಅವರು ಹೇಳಿದ ಕಾಲವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೆ ಹೆಸರೊಂದು ಇತಿಹಾಸದ ದಾಖಲೆಯಾಗಬಲ್ಲದೆಂಬುದನ್ನು ಅವರು ತೋರಿಸಿಕೊಟ್ಟರು.

ಮನುಷ್ಯರ ಹೆಸರುಗಳ ವಿಷಯವನ್ನು ಹೇಳಬೇಕಾದದ್ದಿಲ್ಲ. ಅಶ್ವಿನಿ, ರೋಹಿಣಿ, ಚಿತ್ರಾ, ಸ್ವಾತಿ, ಅನುರಾಧಾ, ರೇವತಿ. ನಮ್ಮ ಯಾವ ಕುಟುಂಬದಲ್ಲಿ ಇವರಲ್ಲೊಬ್ಬರಿಲ್ಲ? ನಾಮಕರಣದಲ್ಲಿ ವ್ಯವಹಾರನಾಮದೊಡನೆ ಮಾಸನಾಮ, ನಕ್ಷತ್ರನಾಮಗಳನ್ನೂ ಇಡುವ ಪದ್ಧತಿಯಿಂದ ಪ್ರತಿಯೊಂದು ಶಿಶುವೂ ಹುಟ್ಟಿದ ಗಳಿಗೆಯ ಆಕಾಶವನ್ನು ಜೊತೆಗಿರಿಸಿಕೊಂಡೇ ಬೆಳೆಯುತ್ತದೆ. ತಿರುವಾಂಕೂರಿನ ಅರಸುಮನೆತನದಲ್ಲಿ ಜನ್ಮನಕ್ಷತ್ರವೇ ಹೆಸರಿನ ಮುಂಭಾಗ. 1813ರಲ್ಲಿ ಸ್ವಾತೀ ನಕ್ಷತ್ರದಲ್ಲಿ ಜನಿಸಿದ ರಾಮವರ್ಮ ಮಹಾರಾಜರು ಸಂಗೀತಲೋಕಕ್ಕೆ ಎಂದೆಂದಿಗೂ ಸ್ವಾತಿ ತಿರುನಾಳ್.

ಈ ಪರಂಪರೆ ನಿಂತುಹೋದದ್ದಲ್ಲ. 1980ರ ಜುಲೈ 18ರಂದು ನಮ್ಮದೇ ರಾಕೆಟ್ಟಿನಿಂದ ನಮ್ಮದೇ ನೆಲದಿಂದ ಕಕ್ಷೆಗೇರಿದ ಮೊದಲ ಉಪಗ್ರಹಕ್ಕೆ ಇಟ್ಟ ಹೆಸರು ರೋಹಿಣಿ. 2017ರಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟವು ಎರಡು ತಾರೆಗಳಿಗೆ ರೇವತಿ, ಭರಣಿ ಎಂಬ ಹೆಸರುಗಳನ್ನೇ ಅಧಿಕೃತವಾಗಿ ಅಂಗೀಕರಿಸಿತು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ತಾಣ ಶಿವಶಕ್ತಿಯಾಯಿತು. ಚಂದ್ರನನ್ನು ತಲೆಯಲ್ಲಿ ಧರಿಸಿದ ದೇವರ ಹೆಸರು ಚಂದ್ರನ ನೆಲಕ್ಕೇ ತಲುಪಿದಂತಾಯಿತು.

ಮಳೆಗೆ ಇಟ್ಟ ಹೆಸರುಗಳು

ಶಾಸ್ತ್ರಜ್ಞರ ಆಕಾಶ ರೈತನ ಹೊಲಕ್ಕೆ ಇಳಿದದ್ದು ಮಳೆಯ ಮೂಲಕ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಯಲ್ಲಿ ಬೀಳುವ ಮಳೆಗೆ ಆ ನಕ್ಷತ್ರದ ಹೆಸರು. ಜೂನ್ ಮೊದಲ ವಾರದ ಕೊನೆಗೆ ಮೃಗಶಿರ, ಜೂನ್ ಇಪ್ಪತ್ತೊಂದರ ಹೊತ್ತಿಗೆ ಆರ್ದ್ರಾ, ಅನಂತರ ಪುನರ್ವಸು, ಪುಷ್ಯ, ಆಶ್ಲೇಷ. ಆಗಸ್ಟ್ ನಡುವಿನಲ್ಲಿ ಮಘಾ. ಅಕ್ಟೋಬರ್ ಕೊನೆಗೆ ಸ್ವಾತಿ. ಹಳ್ಳಿಯ ಬಾಯಲ್ಲಿ ಇವು ಮಿರಗ, ಆರಿದ್ರೆ, ಹುಬ್ಬೆ, ಚಿತ್ತೆ, ಇಸಾಕೆಗಳಾದವು. ಮಹಾರಾಷ್ಟ್ರದ ರೈತನೂ ಮೃಗದ ಮಳೆಯನ್ನು ಕಾಯುತ್ತಾನೆ. ತೆಲುಗರು ಇದನ್ನೇ 'ಕಾರ್ತೆ' ಎನ್ನುತ್ತಾರೆ. ಚೆನ್ನೈಯ ಕನ್ನಡಿಗರು ಮೇ ತಿಂಗಳಲ್ಲಿ ಬೇಯುವ 'ಅಗ್ನಿನಕ್ಷತ್ರ'ವಂತೂ ಅಗ್ನಿದೇವತಾಕವಾದ ಕೃತ್ತಿಕೆಯದೇ ಹೆಸರು.

'ಆದರೆ ಆರಿದ್ರೆ, ಇಲ್ಲದಿದ್ದರೆ ದರಿದ್ರ' ಎಂಬ ಗಾದೆಯಲ್ಲಿ ಒಂದು ವರ್ಷದ ಬಾಳೇ ಅಡಗಿದೆ. ಮಘೆಯ ಮಳೆ ಬಂದಷ್ಟೂ, ಮನೆಯ ಮಗ ಉಂಡಷ್ಟೂ ಒಳ್ಳೆಯದೆನ್ನುವ ಮಾತಿನಲ್ಲಿ ತಾಯಿಯ ಮನಸ್ಸಿದೆ. ಸ್ವಾತಿಯ ಹನಿಯು ಚಿಪ್ಪಿನೊಳಗೆ ಬಿದ್ದರೆ ಮುತ್ತಾಗುತ್ತದೆ ಎಂಬ ನಂಬಿಕೆ ಕಾವ್ಯಗಳಲ್ಲೂ ಜನಪದರಲ್ಲೂ ಒಂದೇ ಸಮನಾಗಿ ಹಬ್ಬಿದೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಸೂರ್ಯನು ಮೃಗಶಿರದಲ್ಲಿರುವಾಗ ಮೃಗಶಿರವು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಇರುಳಲ್ಲಿ ಅದು ಕಾಣುವುದೇ ಇಲ್ಲ. ಹಾಗಾದರೆ ಕಾಣದ ನಕ್ಷತ್ರದ ಹೆಸರನ್ನು ರೈತನು ಮಳೆಗೆ ಇಟ್ಟದ್ದು ಹೇಗೆ? ಯುಗಾದಿಯ ದಿನ ದೇವಾಲಯದಲ್ಲಿ ನಡೆಯುವ ಪಂಚಾಂಗಶ್ರವಣವೇ ಇದಕ್ಕೆ ಉತ್ತರ. ಜೋಯಿಸರು ವರ್ಷದ ಮಳೆ-ಬೆಳೆಗಳ ಲೆಕ್ಕವನ್ನು ಓದಿ ಹೇಳುತ್ತಿದ್ದರು. ಕೇಳಿದವರು ಅದನ್ನು ತಮ್ಮ ಅನುಭವದೊಂದಿಗೆ ತೂಗಿ ಗಾದೆಯಾಗಿಸುತ್ತಿದ್ದರು. ಗಣಿತ ಮತ್ತು ಬೇಸಾಯ ಕೈಕುಲುಕಿದ್ದು ಗುಡಿಯ ಜಗಲಿಯಲ್ಲಿ.

ಗಾದೆಗಳೂ ಕಾಲಕ್ಕೆ ತಕ್ಕಂತೆ ತಿದ್ದಿಕೊಂಡಿರಬೇಕು ಎನ್ನಲು ಕಾರಣವಿದೆ. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲಗೆ ಓಲಾಡುವುದರಿಂದ ನಕ್ಷತ್ರಗಳಿಗೂ ಋತುಗಳಿಗೂ ಇರುವ ಸಂಬಂಧ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಸರಿಯುತ್ತದೆ. ಆರನೆಯ ಶತಮಾನದಲ್ಲಿ, ವರಾಹಮಿಹಿರನ ಕಾಲದಲ್ಲಿ, ಮಕರಸಂಕ್ರಮಣವು ನಿಜವಾದ ಉತ್ತರಾಯಣಕ್ಕೆ ಬಹು ಸಮೀಪವಾಗಿತ್ತು. ಇಂದು ಉತ್ತರಾಯಣ ಡಿಸೆಂಬರ್ 21-22ಕ್ಕೆ, ಸಂಕ್ರಮಣ ಜನವರಿ 14-15ಕ್ಕೆ. ಮಳೆಯ ನಕ್ಷತ್ರಗಳೂ ಹಾಗೆಯೇ ಸರಿದಿವೆ. ಒಂದೂವರೆ ಸಾವಿರ ವರ್ಷಗಳಲ್ಲಿ ಒಂದೂವರೆ ನಕ್ಷತ್ರದಷ್ಟು. ಆದರೂ ಗಾದೆಗಳು ಹೊಲದಲ್ಲಿ ನಡೆದುಬಂದಿವೆಯೆಂದರೆ, ತಲೆಮಾರಿನಿಂದ ತಲೆಮಾರಿಗೆ ಅವನ್ನು ಒರೆಗೆ ಹಚ್ಚಿದವರಿದ್ದರು ಎಂದೇ ಅರ್ಥ.

ನಾದದಲ್ಲಿ ನಭ

ಕರ್ನಾಟಕ ಸಂಗೀತದ ಚೌಕಟ್ಟಿನಲ್ಲಿಯೇ ಆಕಾಶ ಕೂತಿದೆ. ತಂಜಾವೂರಿನ ನಾಯಕ ಅರಸರಿಗೆ ಮಂತ್ರಿಯಾಗಿದ್ದ, ಕರ್ನಾಟಕ ಮೂಲದ ಗೋವಿಂದ ದೀಕ್ಷಿತರ ಮಗ ವೆಂಕಟಮಖಿಯು ಹದಿನೇಳನೆಯ ಶತಮಾನದಲ್ಲಿ 'ಚತುರ್ದಂಡಿಪ್ರಕಾಶಿಕೆ'ಯನ್ನು ಬರೆದು ಎಪ್ಪತ್ತೆರಡು ಮೇಳಗಳ ಯೋಜನೆಯನ್ನು ಮಂಡಿಸಿದನು. ಬಳಕೆಯಲ್ಲಿರುವ ಕ್ರಮದಲ್ಲಿ ಆ ಮೇಳಗಳು ಆರಾರರಂತೆ ಹನ್ನೆರಡು ಚಕ್ರಗಳಾಗಿವೆ. ಅವುಗಳ ಹೆಸರುಗಳು ಭೂತಸಂಖ್ಯೆಯ ಪದ್ಧತಿಯವು; ಪದವೇ ಅಂಕಿ. ಒಂದಕ್ಕೆ ಇಂದು, ಎರಡಕ್ಕೆ ನೇತ್ರ, ಮೂರಕ್ಕೆ ಅಗ್ನಿ, ನಾಲ್ಕಕ್ಕೆ ವೇದ, ಏಳಕ್ಕೆ ಋಷಿ, ಹನ್ನೆರಡಕ್ಕೆ ಆದಿತ್ಯ. ಬಾನಿನಲ್ಲಿ ಚಂದ್ರನೊಬ್ಬನೇ, ಆದ್ದರಿಂದ ಇಂದು ಎಂದರೆ ಒಂದು. ಸಪ್ತರ್ಷಿಗಳು ಏಳು ಮಂದಿ, ಆದ್ದರಿಂದ ಋಷಿ ಎಂದರೆ ಏಳು. ಹೀಗೆ ಮೇಳಗಳ ಯಾತ್ರೆ ಚಂದ್ರನಲ್ಲಿ ಆರಂಭವಾಗಿ ಸೂರ್ಯನಲ್ಲಿ ಮುಗಿಯುತ್ತದೆ. ಶಾಸನಗಳಲ್ಲಿಯೂ ಜ್ಯೋತಿಷಗ್ರಂಥಗಳಲ್ಲಿಯೂ ವರ್ಷಗಳನ್ನು ಹೇಳಲು ಬಳಸಿದ ಪದ್ಧತಿಯೇ ರಾಗಗಳನ್ನು ಎಣಿಸುವುದಕ್ಕೂ ಒದಗಿತು.

ಎರಡನೆಯ ನಿದರ್ಶನ ಮುತ್ತುಸ್ವಾಮಿ ದೀಕ್ಷಿತರ (1775-1835) ವಾರಕೃತಿಗಳು. ಹೊಟ್ಟೆನೋವಿನಿಂದ ನರಳುತ್ತಿದ್ದ ಶಿಷ್ಯನೊಬ್ಬನಿಗೆ ಗುರುಗ್ರಹದ ಬಾಧೆಯೆಂದು ತಿಳಿದು ಅಠಾಣ ರಾಗದಲ್ಲಿ ಗುರುವಿನ ಕೃತಿಯನ್ನು ರಚಿಸಿಕೊಟ್ಟದ್ದು ಈ ಮಾಲೆಗೆ ಮೊದಲೆಂಬುದು ಐತಿಹ್ಯ. ಸೂರ್ಯನಿಗೆ ಸೌರಾಷ್ಟ್ರ, ಚಂದ್ರನಿಗೆ ಅಸಾವೇರಿ, ಮಂಗಳನಿಗೆ ಸುರಟಿ, ಬುಧನಿಗೆ ನಾಟಕುರಂಜಿ, ಶುಕ್ರನಿಗೆ ಪರಜು, ಶನಿಗೆ ಯದುಕುಲಕಾಂಭೋಜಿ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟಿಸಿದ 'ಸಂಗೀತಸಂಪ್ರದಾಯಪ್ರದರ್ಶಿನಿ'ಯಲ್ಲಿ ಕಾಣುವುದು ಈ ಏಳು ಮಾತ್ರ. ರಾಹು ಮತ್ತು ಕೇತುಗಳ ಕೃತಿಗಳು ಅನಂತರ ಪ್ರಕಟಣೆಗೆ ಬಂದವು.

ಈ ಏಳು ಕೃತಿಗಳ ತಾಳಗಳನ್ನು ಸಾಲಾಗಿ ನೋಡಿದರೆ ನಮ್ಮ ಕಿವಿ ನಿಮಿರಬೇಕು: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಭಾನುವಾರದಿಂದ ಶನಿವಾರದವರೆಗೆ ಒಂದೊಂದು ದಿನಕ್ಕೆ ಒಂದೊಂದು ತಾಳ, ಅದೂ ಇದೇ ಕ್ರಮದಲ್ಲಿ. ಇವು ಸೂಳಾದಿ ಸಪ್ತತಾಳಗಳು. ಹದಿನೈದನೆಯ ಶತಮಾನದ ಶ್ರೀಪಾದರಾಜರಿಂದ ಹಿಡಿದು ವ್ಯಾಸರಾಯರು, ಪುರಂದರದಾಸರು, ವಿಜಯದಾಸರವರೆಗೆ ನಮ್ಮ ಹರಿದಾಸರು ತತ್ತ್ವದ ಸಾರವನ್ನೆಲ್ಲ ಎರಕಹೊಯ್ದದ್ದು ಸೂಳಾದಿಗಳಲ್ಲಿಯೇ. ಸಂಗೀತ ಕಲಿಯಲು ಕುಳಿತ ಮಗುವಿಗೆ ಪುರಂದರದಾಸರು ಹಾಕಿಕೊಟ್ಟ ಅಲಂಕಾರಗಳ ಕ್ರಮವೂ ಇದೇ. ಕನ್ನಡದ ದಾಸರ ನಾಲಗೆಯ ಮೇಲೆ ನಲಿದ ತಾಳಗಳನ್ನು ತಂಜಾವೂರು ಸೀಮೆಯ ವಾಗ್ಗೇಯಕಾರರು ಏಳು ಗ್ರಹಗಳಿಗೆ ಹಂಚಿದರು. ಮನೆಯ ಮಕ್ಕಳು ಶಾಖಾಮಠದ ಸಂಗೀತತರಗತಿಯಲ್ಲಿ ಅಲಂಕಾರಗಳನ್ನು ಹಾಡುವಾಗ, ಒಂದು ವಾರದ ಆಕಾಶವನ್ನು ಕೈಯಲ್ಲಿ ಎಣಿಸುತ್ತಿದ್ದಾರೆಂದು ತಿಳಿಸಿಕೊಟ್ಟರೆ ಕಲಿಕೆಗೆ ಇನ್ನಷ್ಟು ರುಚಿ ಬರುತ್ತದೆ.

ಎರಡು ಅಷ್ಟಮಿಗಳು

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ. 2025ರಲ್ಲಿ ಮುಂಬಯಿಯ ಬೀದಿಗಳಲ್ಲಿ ದಹಿಹಂಡಿ ಆಗಸ್ಟ್ 16ರಂದು ನಡೆಯಿತು. ಉಡುಪಿಯಲ್ಲಿ ಶ್ರೀಕೃಷ್ಣಜಯಂತಿಯು ಸೆಪ್ಟೆಂಬರ್ 14ರಂದು, ವಿಟ್ಲಪಿಂಡಿಯು ಮರುದಿನ. ಬೇರೆ ಕೆಲವು ವರ್ಷಗಳಲ್ಲಿ ಎರಡೂ ಒಂದೇ ಸಮಯಕ್ಕೆ ಬರುತ್ತವೆ. 'ದೇವರು ಹುಟ್ಟಿದ್ದು ಒಂದೇ ಸಲವಲ್ಲವೇ? ಯಾವುದು ಸರಿ?' ಎಂದು ಮಕ್ಕಳು ಕೇಳುತ್ತಾರೆ. 'ಅದು ಸೌರಮಾನ, ಇದು ಚಾಂದ್ರಮಾನ' ಎಂದು ಹೇಳಿ ಹಿರಿಯರು ಸುಮ್ಮನಾಗುತ್ತಾರೆ. ಮಾತು ಸರಿಯೇ, ಆದರೆ ವಿವರ ಸಾಲದು.

ಆಕಾಶದ ವೃತ್ತ 360 ಡಿಗ್ರಿ. ರಾಶಿಗೆ 30 ಡಿಗ್ರಿ, ನಕ್ಷತ್ರಕ್ಕೆ 13 ಡಿಗ್ರಿ 20 ಕಲೆ, ತಿಥಿಗೆ ಸೂರ್ಯಚಂದ್ರರ ನಡುವಣ ಅಂತರದಲ್ಲಿ 12 ಡಿಗ್ರಿ. ಕೃಷ್ಣಾಷ್ಟಮಿಯು ಇಪ್ಪತ್ತಮೂರನೆಯ ತಿಥಿ. ಆಗ ಚಂದ್ರನು ಸೂರ್ಯನಿಗಿಂತ 264ರಿಂದ 276 ಡಿಗ್ರಿ ಮುಂದಿರುತ್ತಾನೆ. ಇನ್ನೊಂದು ರೀತಿಯಲ್ಲಿ ಹೇಳಿದರೆ, ಸುಮಾರು ಕಾಲು ವೃತ್ತ ಹಿಂದೆ. ಆದ್ದರಿಂದಲೇ ಆ ದಿನ ಚಂದ್ರನು ಸೂರ್ಯೋದಯಕ್ಕೆ ಕಾಲು ದಿನ ಮೊದಲು, ಅಂದರೆ ನಡುರಾತ್ರಿಯ ಹೊತ್ತಿಗೆ, ಉದಯಿಸುತ್ತಾನೆ. ಅಷ್ಟಮಿಯ ಅರ್ಘ್ಯಪ್ರದಾನವು ಚಂದ್ರೋದಯಕ್ಕೂ ನಡುರಾತ್ರಿಗೂ ಒಟ್ಟಿಗೆ ಹೊಂದುವುದು ಈ ಕಾರಣದಿಂದ.

ಇನ್ನು ರೋಹಿಣಿ. ಅದು ವೃಷಭರಾಶಿಯಲ್ಲಿ, ಮೇಷಾದಿಯಿಂದ 40 ಡಿಗ್ರಿಯಿಂದ 53 ಡಿಗ್ರಿ 20 ಕಲೆಯವರೆಗೆ. ಅಷ್ಟಮಿಯ ಚಂದ್ರನು ರೋಹಿಣಿಯಲ್ಲಿರಬೇಕಾದರೆ ಸೂರ್ಯನು ಎಲ್ಲಿರಬೇಕು? ಕಳೆದು ನೋಡಿದರೆ ಉತ್ತರ ಸುಮಾರು 124ರಿಂದ 149 ಡಿಗ್ರಿ. ಸಿಂಹರಾಶಿಯ ವ್ಯಾಪ್ತಿ 120ರಿಂದ 150. ಅಂದರೆ ಅಷ್ಟಮಿ ಮತ್ತು ರೋಹಿಣಿಯರ ಕೂಟವು ಸೂರ್ಯನು ಸಿಂಹದಲ್ಲಿರುವಾಗ ಮಾತ್ರ ಸಾಧ್ಯ! ತುಳುವರ 'ಸೋಣ' ತಿಂಗಳು, ಮಲಯಾಳಿಗಳ ಚಿಂಗಂ, ತಮಿಳರ ಆವಣಿ ಎಲ್ಲವೂ ಈ ಸಿಂಹಮಾಸವೇ. ಗುರುವಾಯೂರಿನಲ್ಲಿ ಹಬ್ಬದ ಹೆಸರೇ ಅಷ್ಟಮಿರೋಹಿಣಿ.

ಚಾಂದ್ರಮಾನದ ಶ್ರಾವಣ ಬಹುಳ ಅಷ್ಟಮಿ ಹೆಚ್ಚಿನ ವರ್ಷಗಳಲ್ಲಿ ಸಿಂಹದೊಳಗೇ ಬೀಳುತ್ತದೆ. ಆಗ ಎಲ್ಲರಿಗೂ ಒಂದೇ ಹಬ್ಬ. ಆದರೆ ಕೆಲವು ವರ್ಷ ಶ್ರಾವಣವು ಬೇಗ ಬಂದು, ಅಷ್ಟಮಿಯ ಹೊತ್ತಿಗೆ ಸೂರ್ಯನು ಇನ್ನೂ ಕರ್ಕಾಟಕದ ಕೊನೆಯಲ್ಲಿಯೇ ಇರುತ್ತಾನೆ. 2025ರಲ್ಲಿ ಸಿಂಹಸಂಕ್ರಮಣವಾದದ್ದು ಆಗಸ್ಟ್ 17ಕ್ಕೆ. ಅಷ್ಟಮಿ ಅದಕ್ಕೆ ಮೊದಲೇ ಬಂದುಹೋಗಿತ್ತು. ಅಂಥ ವರ್ಷಗಳಲ್ಲಿ ಅಷ್ಟಮಿಯ ಚಂದ್ರನು ಭರಣಿ ಅಥವಾ ಕೃತ್ತಿಕೆಯಲ್ಲಿರುತ್ತಾನೆ, ರೋಹಿಣಿಗೆ ಮುಟ್ಟಿರುವುದಿಲ್ಲ. ಉಡುಪಿ ಇನ್ನೊಂದು ತಿಂಗಳು ಕಾಯುತ್ತದೆ. ತಿಥಿಯನ್ನೂ ಮಾಸನಾಮವನ್ನೂ ಮುಖ್ಯವೆಂದವರು ಮೊದಲು ಆಚರಿಸುತ್ತಾರೆ. ಸೂರ್ಯನ ರಾಶಿಯನ್ನು ಹಿಡಿದವರು ಅನಂತರ. ಚಾಂದ್ರಮಾನವನ್ನು ಅನುಸರಿಸುವ ಮಾಧ್ವಮಠಗಳೂ ಇವೆ, ಸೌರಮಾನವನ್ನು ಅನುಸರಿಸುವ ಉಡುಪಿಯ ಅಷ್ಟಮಠಗಳೂ ಇವೆ. ಇದರಲ್ಲಿ ತಪ್ಪು ಯಾರದೂ ಅಲ್ಲ. ಒಂದೇ ಆಕಾಶವನ್ನು ಎರಡು ಅಳತೆಗೋಲುಗಳಿಂದ ಅಳೆದಾಗ ಬರುವ ಸಹಜವಾದ ಅಂತರ ಅದು.

ಊರು ಬಿಟ್ಟವರ ಆಕಾಶ

ಈ ಲೆಕ್ಕವೆಲ್ಲ ಇಂದು ಅಂಗೈಯಲ್ಲಿರುವ ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ದೊರೆಯುತ್ತದೆ. ತಿಥಿ, ನಕ್ಷತ್ರ, ರಾಹುಕಾಲ ಎಲ್ಲವೂ ಗೊತ್ತು. ಆದರೆ ನಕ್ಷತ್ರ ಗೊತ್ತಿಲ್ಲ. ಸಂಕಲ್ಪದಲ್ಲಿ ದಿನವೂ ಹೆಸರಿಸುವ ತಾರೆಯನ್ನು ಒಮ್ಮೆಯೂ ಕಣ್ಣಾರೆ ಕಾಣದೆ ಬೆಳೆದ ತಲೆಮಾರು ನಮ್ಮ ಮನೆಗಳಲ್ಲಿದೆ. ವಿವಾಹದಲ್ಲಿ ಅರುಂಧತೀದರ್ಶನವೆಂದು ಹಗಲು ಹನ್ನೆರಡಕ್ಕೆ ಸಭಾಗೃಹದ ಮಾಳಿಗೆಯತ್ತ ಬೊಟ್ಟು ಮಾಡುವುದು, ವಧೂವರರು ಕಂಡೆವೆಂದು ತಲೆಯಾಡಿಸುವುದು, ನಗುವಿನ ವಿಷಯವಾಗಿ ಹೋಗಿದೆ. ವಸಿಷ್ಠತಾರೆಯ ಪಕ್ಕದಲ್ಲಿ ಅಂಟಿಕೊಂಡಿರುವ ಆ ಸಣ್ಣ ಚುಕ್ಕಿಯನ್ನು ತೋರಿಸಲು ಮೊದಲು ದೊಡ್ಡ ತಾರೆಯನ್ನು ತೋರಿಸುವ ಕ್ರಮವು ಶಾಸ್ತ್ರಗಳಲ್ಲಿ ಒಂದು ನ್ಯಾಯವಾಗಿಯೇ ಪ್ರಸಿದ್ಧವಾಯಿತು: ಸ್ಥೂಲದಿಂದ ಸೂಕ್ಷ್ಮಕ್ಕೆ. ತಾರೆಯೇ ಕಾಣದಾದರೆ ನ್ಯಾಯವು ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ.

ನಗರದ ದೀಪಗಳ ನಡುವೆ ಅರುಂಧತಿ ಕಾಣುವುದು ಕಷ್ಟ. ಆಕಾಶಗಂಗೆಯಂತೂ ಇಲ್ಲವೇ ಇಲ್ಲ. ಆದರೆ ರೋಹಿಣಿಯನ್ನು ದೀಪಗಳು ನುಂಗಲಾರವು. ಸಿಂಹಮಾಸದಲ್ಲಿ ಮುಂಬಯಿಯ ಮೋಡಗಳು ಅಡ್ಡಬಂದರೂ ಮಕರಸಂಕ್ರಮಣದ ವೇಳೆಗೆ ಬಾನು ತಿಳಿಯಾಗಿರುತ್ತದೆ. ಆ ದಿನಗಳಲ್ಲಿ ರಾತ್ರಿ ಒಂಬತ್ತು-ಹತ್ತು ಗಂಟೆಯ ನಡುವೆ ಮಾಳಿಗೆ ಹತ್ತಿ ನೋಡಬೇಕು. ಮೃಗದ ಮೈಯಲ್ಲಿ ನಾಟಿದ ಬಾಣದಂತೆ ಮೂರು ಚುಕ್ಕಿಗಳು ಒಂದೇ ಸಾಲಿನಲ್ಲಿವೆ. ಆ ಸಾಲನ್ನು ಒಂದು ಕಡೆಗೆ ಎಳೆದರೆ ಎಲ್ಲಕ್ಕಿಂತ ಪ್ರಕಾಶಮಾನವಾದ ಲುಬ್ಧಕ. ಇನ್ನೊಂದು ಕಡೆಗೆ, ವಾಯವ್ಯಕ್ಕೆ, ಎಳೆದರೆ ಹೆಚ್ಚುಕಡಿಮೆ ನಡುನೆತ್ತಿಯ ಮೇಲೆ ಕೆಂಪಗೆ ಹೊಳೆಯುವ ರೋಹಿಣಿ. ಸಮಸಂಖ್ಯೆಯ ವರ್ಷಗಳಲ್ಲಿ ಅದೇ ವಾರ ಉಡುಪಿಯಲ್ಲಿ, ಶ್ರೀವಾದಿರಾಜತೀರ್ಥರು ಎರಡು ವರ್ಷಗಳ ಕ್ರಮಕ್ಕೆ ತಂದ ಪರ್ಯಾಯೋತ್ಸವ. ಆ ರಾತ್ರಿ ರಥಬೀದಿಯಲ್ಲಿ ನಿಂತವರ ನೆತ್ತಿಯ ಮೇಲಿರುವುದೂ ಇದೇ ತಾರೆ.

ಮಕ್ಕಳಿಗೆ ಇದನ್ನು ತೋರಿಸಲು ಹೆಚ್ಚಿನ ಸಾಮಗ್ರಿ ಬೇಕಿಲ್ಲ. ಶಾಖಾಮಠದಲ್ಲಿ ವರ್ಷಕ್ಕೊಂದು ಸಂಜೆ ಮಾಳಿಗೆಯ ದೀಪಗಳನ್ನಾರಿಸಿ, ಹಿರಿಯರೊಬ್ಬರು ಬೊಟ್ಟು ಮಾಡಿ ಹೆಸರು ಹೇಳಿದರೆ ಸಾಕು. ಮುಂಬಯಿಯ ವರ್ಲಿಯಲ್ಲಿ 1977ರಿಂದ ನೆಹರು ತಾರಾಲಯವಿದೆ. ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿಯೂ ತಾರಾಲಯಗಳಿವೆ. ಒಮ್ಮೆ ಅಲ್ಲಿ ನೋಡಿ ಅನಂತರ ಮಾಳಿಗೆಗೆ ಬಂದರೆ ಗುರುತು ಹಿಡಿಯುವುದು ಇನ್ನೂ ಸುಲಭ. ಮನೆಯಲ್ಲಿ ರೋಹಿಣಿ ಎಂಬ ಹೆಸರಿನ ಮಗಳಿದ್ದರೆ ಮೊದಲು ಅವಳನ್ನೇ ಕರೆದು ತೋರಿಸಬೇಕು: ನಿನ್ನ ಹೆಸರು ಬಂದದ್ದು ಅಲ್ಲಿಂದ, ನಮ್ಮ ಊರಿನ ಹೆಸರು ಬಂದದ್ದು ಅವಳ ಬಳಿಗೆ ತಿಂಗಳಿಗೊಮ್ಮೆ ಬರುವ ಚಂದ್ರನಿಂದ ಎಂದು.